ಪಕ್ಕದ ಮನೆಯ ಕೂಸಿಗೆ ಹವಾಯಿ ಹಾಡು ಕಟ್ಟಿದ್ದು

ಹವಾಯಿಯಲ್ಲಿ ಮಗುವಿಗೆ ವರ್ಷ ತುಂಬಿತೆಂದರೆ ಬಂಧುಬಳಗಕ್ಕೆಲ್ಲ ಊಟ. ಹಿಲೋದಲ್ಲಿ ನಮ್ಮ ಪಕ್ಕದ ಮನೆಯ ಕೂಸಿನ ಹಬ್ಬಕ್ಕೆ ನಾನೊಂದು ‘ಮೆಲೆ ಇನೊಅ’ ಕಟ್ಟಿದೆ. ಹೆಸರು ಹಿಡಿದು ಹೊಗಳುವ ಹಾಡು ಅದು. ಅರಸರಿಗೂ ಕಟ್ಟಿದ್ದಾರೆ, ಕೂಸುಗಳಿಗೂ ಕಟ್ಟಿದ್ದಾರೆ.

ಹಾಡು ಹವಾಯಿ ಭಾಷೆಯಲ್ಲೇ. ಉಚ್ಚಾರಣೆ ಅರ್ಧ ಪುಕ್ಕಟೆ ಸಿಕ್ಕಿತು. ಐದು ಸ್ವರ, ಎಂಟು ವ್ಯಂಜನದ ಭಾಷೆ. ಸ್ವರಗಳಿಗೆಲ್ಲ ಹ್ರಸ್ವ, ದೀರ್ಘ ಉಂಟು, ನಮ್ಮ ಎ-ಏ, ಒ-ಓಗಳ ಹಾಗೆ. ಸತಾಯಿಸಿದ್ದು ‘ಒಕಿನ’ ಮಾತ್ರ. ಸ್ವರದ ಮುಂಚೆ ಗಂಟಲು ಕಟ್ಟಿ ಬಿಡುವ ಸದ್ದು, ಅದೂ ಒಂದು ವ್ಯಂಜನವೇ!

ನಿಜವಾದ ಕಷ್ಟ ಪ್ರೀತಿ ಹೇಳುವುದರಲ್ಲಿತ್ತು. ‘ನೀನೆಂದರೆ ನನಗೆ ಪ್ರಾಣ’ ಎಂದು ನೇರವಾಗಿ ಹೇಳಿಬಿಟ್ಟರೆ ಹಾಡು ಸಪ್ಪೆ. ಮಳೆ, ಗಾಳಿ, ಹೂವಿನ ಮರೆಯಲ್ಲಿ ಹೇಳಬೇಕು. ಆ ಒಳಗುಟ್ಟಿಗೆ ‘ಕಒನ’ ಅನ್ನುತ್ತಾರೆ. ಅಲ್ಲಿ ಮಳೆಗೂ ಊರೂರಿಗೆ ಬೇರೆ ಹೆಸರು. ಹಿಲೋದ್ದು ಕನಿಲೆಹುಅ, ಲೆಹುಅ ಹೂವಿಗೆ ಸುರಿಯುವ ಮಳೆ. ಹಾಗಾಗಿ ಮೊದಲು ಮಳೆಯ ಹೆಸರು ಹುಡುಕಲು ಕೂತೆ. 1834ರಿಂದ 1948ರವರೆಗೆ ಬಂದ ಹವಾಯಿ ಭಾಷೆಯ ಪತ್ರಿಕೆಗಳು ಈಗ ಅಂತರ್ಜಾಲದಲ್ಲಿ ಸಿಗುತ್ತವೆ. 1896ರ ಕಾನೂನೊಂದು ಶಾಲೆಗಳಿಂದ ಹೊರಗಿಟ್ಟ ಭಾಷೆ ಆ ಪುಟಗಳಲ್ಲಿ ಎಗ್ಗಿಲ್ಲದೆ ಹಾಡುತ್ತದೆ, ಅಳುತ್ತದೆ, ಜಗಳಕ್ಕೂ ನಿಲ್ಲುತ್ತದೆ. ಹೆಸರು ಹುಡುಕಲು ಹೋದವಳು ಜಗಳ ಓದುತ್ತಾ ಕೂತದ್ದೂ ಉಂಟು.

ಕೂಸನ್ನು ಲೆಹುಅ ಮಾಡಿದೆ, ತಾಯಿಯನ್ನು ಆ ಹೂ ಬಿಡುವ ಓಹಿಅ ಮರ. ಒಂದು ಸಾಲು ಮುಗಿದ ಪದದಿಂದಲೇ ಮುಂದಿನ ಸಾಲು ಎತ್ತಿಕೊಳ್ಳುವ ಕ್ರಮ ಅಲ್ಲೂ ಇದೆ, ನಮ್ಮ ಮುಕ್ತಪದಗ್ರಸ್ತದಂತೆ. ಮಳೆಯಿಂದ ಹೂವು, ಹೂವಿಂದ ಮಾಲೆ, ಮಾಲೆಯಿಂದ ಕೊರಳು ತಬ್ಬಿದ ಪುಟ್ಟ ಕೈ. ಮಗುವನ್ನೇ ಕೊರಳ ಮಾಲೆ ಎನ್ನುವುದು ಅವರ ಹಳೆಯ ವಾಡಿಕೆ.

ಬರೆದದ್ದನ್ನು ನಮ್ಮ ಕುಮುಗೆ, ಅಂದರೆ ಹುಲಾ ನೃತ್ಯದ ಗುರುಗಳಿಗೆ, ತೋರಿಸಿದೆ. ಅವರು ಮೊದಲು ಹುಡುಕಿದ್ದು ವ್ಯಾಕರಣದ ತಪ್ಪಲ್ಲ, ಅಶುಭದ ಮಾತು. ಮಾತಿನಲ್ಲೇ ಬದುಕು, ಮಾತಿನಲ್ಲೇ ಸಾವು ಎಂಬುದು ಅಲ್ಲಿಯ ಗಾದೆ. ಹೂವು ಉದುರಿ ನೆಲ ಕೆಂಪಾದ ಸಾಲು ನನಗೆ ತುಂಬಾ ಇಷ್ಟವಾಗಿತ್ತು, ಗುರುಗಳು ತೆಗೆಸಿದರು. ಉದುರುವ ಮಾತನ್ನು ಮಗುವಿನ ಮೇಲೆ ಹಾಡುವುದುಂಟೇ? ನಮ್ಮಜ್ಜಿಯಾದರೂ ಬಿಡುತ್ತಿರಲಿಲ್ಲ.

ಹಬ್ಬದ ದಿನ ಹಾಡಿ, ಕೊನೆಗೆ ‘ಹೆ ಇನೊಅ ನೊ’, ಅಂದರೆ ‘ಇದು ಇವರ ಹೆಸರಿನ ಹಾಡು’, ಎಂದು ಮಗುವಿನ ಹೆಸರು ಕೂಗಿದೆವು. ಹಾಡು ಬರೆದಿದ್ದ ಹಾಳೆಯನ್ನು ಮಗುವಿನ ಅಜ್ಜಿ ಇಸಿದುಕೊಂಡರು. ಹೊನೊಲುಲುವಿನ ಮಾನೊಅದಲ್ಲಿರುವ ಇನ್ನೊಬ್ಬ ಮೊಮ್ಮಗನಿಗೂ ಒಂದು ಬೇಕಂತೆ. ಇದನ್ನೇ ಹೆಸರು ಬದಲಿಸಿ ಕೊಡುವಂತಿಲ್ಲ; ಅಲ್ಲಿಯ ಮಳೆ ತುಅಹಿನೆ. ಮೊದಲಿಂದ ಕಟ್ಟಬೇಕು.