ಆ ಬಾಗಿಲು ಕಾದಂಬರಿಯಲ್ಲಿ ಇರಲೇ ಇಲ್ಲ

ಇಷ್ಟು ವರ್ಷ ನಾನು ಒಂದು ವಿಷಯವನ್ನು ಗಟ್ಟಿಯಾಗಿ ನಂಬಿದ್ದೆ. ದೇವದಾಸ್ ಹಾತಿಪೋತಾ ಅನ್ನುವ ಊರಿನ ಜಮೀನ್ದಾರರ ಮನೆ ಮುಂದೆ ಸಾಯುತ್ತಿರುತ್ತಾನೆ, ಅವನ ಬಾಲ್ಯದ ಗೆಳತಿ, ಈಗ ಆ ಜಮೀನ್ದಾರರ ಹೆಂಡತಿಯಾದ ಪಾರ್ವತಿ ಓಡಿ ಬರುತ್ತಾಳೆ, ದೊಡ್ಡ ಬಾಗಿಲು ಅವಳ ಮುಖದ ಮುಂದೆಯೇ ಮುಚ್ಚಿಕೊಳ್ಳುತ್ತದೆ. ಇದು ಬಂಗಾಳಿ ಕಾದಂಬರಿಕಾರ ಶರತ್‌ಚಂದ್ರರು ಬರೆದದ್ದೇ ಅಂತ ಯಾರ ಜೊತೆ ಬೇಕಾದರೂ ವಾದ ಮಾಡಲು ತಯಾರಿದ್ದೆ. ಒಂದೆರಡು ಸಲ ಮಾಡಿಯೂ ಇದ್ದೆ.

ಆಮೇಲೆ ಅವರ ದೇವದಾಸ್ ಕಾದಂಬರಿ ಓದಿದೆ. ಬಾಗಿಲು ಮುಚ್ಚುವ ಮಾತೇ ಅಲ್ಲಿಲ್ಲ.

ಅಲ್ಲಿಂದ ಶುರುವಾಯಿತು ಈ ಹುಚ್ಚು. ಪುಸ್ತಕ ಒಂದು ಕಡೆ, ಸಿನಿಮಾಗಳು ಇನ್ನೊಂದು ಕಡೆ ಇಟ್ಟುಕೊಂಡು, ಯಾವುದು ಎಲ್ಲಿಂದ ಬಂತು ಅಂತ ಹುಡುಕೋದು. ನೋಡಿದ್ದು ಮುಖ್ಯವಾಗಿ ನಾಲ್ಕು: ಪಿ. ಸಿ. ಬರುವಾ 1936ರಲ್ಲಿ ಗಾಯಕ-ನಟ ಸೈಗಲ್ ಅವರನ್ನು ಹಾಕಿ ಮಾಡಿದ ಹಿಂದಿ ಚಿತ್ರ, ಬಿಮಲ್ ರಾಯ್ ಅವರ 1955ರದ್ದು, ಬನ್ಸಾಲಿಯವರ 2002ರದ್ದು, ಆಮೇಲೆ ಅನುರಾಗ್ ಕಶ್ಯಪ್ ಅವರ 2009ರ ದೇವ್ ಡಿ. ನಾಗೇಶ್ವರ ರಾವ್, ಸಾವಿತ್ರಿ ಇರುವ 1953ರ ತೆಲುಗು ದೇವದಾಸು ಮೊದಲೇ ನೋಡಿದ್ದೆ, ಆದರೆ ಅದನ್ನು ಈ ಲೆಕ್ಕಕ್ಕೆ ತರಲಿಲ್ಲ. ಅದರ ಹಾಡುಗಳು ತಲೆಯಲ್ಲಿ ಎಷ್ಟು ಕೂತಿವೆ ಅಂದರೆ ನಾನು ನ್ಯಾಯವಾಗಿ ನೋಡೋದು ಕಷ್ಟ.

ಮೊದಲ ಸಲ ಕೆಲಸ ಪೂರ್ತಿ ಕೆಟ್ಟಿತು. 2002ರದ್ದನ್ನು ಮೊದಲು ನೋಡಿದ್ದು ತಪ್ಪು. ಮೂರು ಗಂಟೆ ಆ ಬಣ್ಣ, ಆ ಕನ್ನಡಿ, ಆ ಕಂಬಗಳ ನಡುವೆ ಇದ್ದು ಬಂದವನಿಗೆ 1936ರ ಚಿತ್ರ ಬಡವಾಗಿ ಕಾಣದೆ ಇನ್ನೇನು? ಜೊತೆಗೆ ಒಂದು ಕೋಷ್ಟಕ ಬೇರೆ ಮಾಡಿಕೊಂಡಿದ್ದೆ, ನಟನೆಗೆ ಇಷ್ಟು, ಸಂಗೀತಕ್ಕೆ ಇಷ್ಟು, ಕಾದಂಬರಿಗೆ ನಿಷ್ಠೆ ಎಷ್ಟು ಅಂತ ಹತ್ತಕ್ಕೆ ಅಂಕ ಕೊಡೋದು. ಎರಡು ಸಿನಿಮಾ ಆಗುವ ಹೊತ್ತಿಗೆ ಅಂಕಗಳಿಗೆ ಅರ್ಥವೇ ಉಳಿಯಲಿಲ್ಲ. ನಿಷ್ಠೆಗೆ ಆರು ಅಂದರೆ ಏನು? ಸುಮ್ನೆ ಪುಟ ಹರಿದು ಹಾಕಿದೆ.

ಎರಡನೇ ಸಲ ಕಾದಂಬರಿಯಿಂದ ನಾಲ್ಕೇ ದೃಶ್ಯ ಆರಿಸಿಕೊಂಡೆ. ನಡುರಾತ್ರಿ ಪಾರ್ವತಿ ಒಬ್ಬಳೇ ದೇವದಾಸನ ಕೋಣೆಗೆ ಬರುವುದು, ಅವನು ಅವಳ ಹಣೆಗೆ ಹೊಡೆಯುವುದು, ಅವನನ್ನು ಪ್ರೀತಿಸುವ ವೇಶ್ಯೆ ಚಂದ್ರಮುಖಿಯ ದಾರಿ, ಕೊನೆಯ ಸಾವು. ಪ್ರತಿ ದೃಶ್ಯವನ್ನೂ ಮೊದಲು ಓದಿ, ನನ್ನ ಮಾತಲ್ಲಿ ನಾಲ್ಕೈದು ಸಾಲು ಬರೆದು, ಆಮೇಲೆ ಹಳೆಯದರಿಂದ ಹೊಸದಕ್ಕೆ ನೋಡುತ್ತಾ ಹೋದೆ. ಕೇಳಿಕೊಂಡದ್ದು ಒಂದೇ ಪ್ರಶ್ನೆ. ಪುಸ್ತಕದಲ್ಲಿ ಇರುವ ಯಾವುದನ್ನು ಈ ನಿರ್ದೇಶಕರಿಗೆ ಹಾಗೇ ಬಿಡಲು ಆಗಲಿಲ್ಲ?

ರಾತ್ರಿಯ ದೃಶ್ಯ ಪುಸ್ತಕದಲ್ಲಿ ನನ್ನನ್ನು ಬೆಚ್ಚಿಬೀಳಿಸಿತು. ಯಾಕೆಂದರೆ ಅಲ್ಲಿ ಪಾರ್ವತಿಗೆ ಹದಿಮೂರು ವರ್ಷ. ಹೆದರುವವನು ಅವನು, ಅವಳಲ್ಲ. ಯಾರಾದರೂ ನೋಡಿದರಾ, ನಾಳೆ ಮುಖ ಹೇಗೆ ತೋರಿಸುತ್ತೀಯ ಅಂತ ಅವನು ಒದ್ದಾಡುತ್ತಾನೆ. ಸಿನಿಮಾಗಳಲ್ಲಿ ಪಾರ್ವತಿ ಬೆಳೆದ ಹೆಣ್ಣು, ಹಾಗಾಗಿ ಅದೇ ಮಾತು ಪ್ರೇಮದ ಮಾತಾಗಿ ಕೇಳಿಸುತ್ತದೆ. ಪುಸ್ತಕದಲ್ಲಿ ಅದು ಒಬ್ಬ ಹುಡುಗಿ ತನ್ನ ಇಡೀ ಬದುಕನ್ನು ಒಬ್ಬ ಪುಕ್ಕಲನ ಕೈಗೆ ಕೊಡುವ ಹಾಗೆ ಇದೆ. ಆ ಮುಜುಗರ ಸ್ವಲ್ಪವಾದರೂ ಉಳಿದದ್ದು ನನ್ನ ಪ್ರಕಾರ ದೇವ್ ಡಿಯಲ್ಲಿ. ಅಲ್ಲಿ ಪಾರೋ, ಅಂದರೆ ಪಾರ್ವತಿ, ಸೈಕಲ್ಲಿಗೆ ಹಾಸಿಗೆ ಕಟ್ಟಿಕೊಂಡು ಹೊಲದ ಕಡೆ ಹೋಗುತ್ತಾಳೆ, ಅವನು ತಿರಸ್ಕರಿಸಿದ ಮೇಲೆ ಅದೇ ಹಾಸಿಗೆಯನ್ನು ವಾಪಸ್ ಹೊತ್ತುಕೊಂಡು ಬರುತ್ತಾಳೆ. ಮಾತೇ ಇಲ್ಲ. ಪಂಜಾಬಿನ ಹೊಲಕ್ಕೂ ಬಂಗಾಳದ ಹಳ್ಳಿಗೂ ಏನು ಸಂಬಂಧ ಅಂತ ಮೊದಲು ಮೂಗು ಮುರಿದಿದ್ದವನು ನಾನೇ.

ಹಣೆಯ ಏಟಿಗೆ ಬರೋಣ. ಕಾದಂಬರಿಯಲ್ಲಿ ದೇವದಾಸ್ ಕೈಯಲ್ಲಿ ಮೀನು ಹಿಡಿಯುವ ಗಾಳದ ಕೋಲು. ಕೊಳದ ದಂಡೆ. ಅವಳು ಎದುರು ಮಾತಾಡಿದ್ದಕ್ಕೆ ಸಿಟ್ಟು ಬಂದು ಹೊಡೆಯುತ್ತಾನೆ, ರಕ್ತ ಬರುತ್ತದೆ, ಆಮೇಲೆ ಚಂದ್ರನಿಗೂ ಕಲೆ ಇದೆ ಅನ್ನುವ ಮಾತಾಡುತ್ತಾನೆ. ಚಿಕ್ಕಂದಿನಲ್ಲೂ ಅವಳನ್ನು ಹೊಡೆಯುತ್ತಿದ್ದವನೇ ಇವನು, ಹೊಸದೇನಲ್ಲ. ಬನ್ಸಾಲಿ ಚಿತ್ರದಲ್ಲಿ ಕೋಲು ಹೋಗಿ ಆ ಜಾಗಕ್ಕೆ ಹಾರ ಬಂದಿದೆ. ಗಾಳದ ಕೋಲಿನಿಂದ ಹೊಡೆದರೆ ಅದು ಹೊಡೆತ. ಒಡವೆಯಿಂದ ಹೊಡೆದರೆ ಅದು ಅಲಂಕಾರದ ಥರ ಆಗಿಬಿಡುತ್ತದೆ, ಅಲ್ವಾ? ನನಗೆ ಇಲ್ಲಿ ಆ ಚಿತ್ರದ ಮೇಲೆ ಸಿಟ್ಟು ಬಂತು, ಈಗಲೂ ಹೋಗಿಲ್ಲ.

ಆದರೆ ಅದೇ ಚಿತ್ರದ ಇನ್ನೊಂದು ಬದಲಾವಣೆಗೆ ಜನ ಬೈಯುವಷ್ಟು ನಾನು ಬೈಯುವುದಿಲ್ಲ. ಕಾದಂಬರಿಯಲ್ಲಿ ಪಾರ್ವತಿ, ಚಂದ್ರಮುಖಿ ಒಬ್ಬರನ್ನೊಬ್ಬರು ನೋಡುವುದೇ ಇಲ್ಲ. 2002ರಲ್ಲಿ ಅವರಿಬ್ಬರೂ ಒಟ್ಟಿಗೆ ಕುಣಿಯುತ್ತಾರೆ. ಅತಿ ಆಯಿತು, ಒಪ್ಪಿದೆ. ಆದರೆ ಇಬ್ಬರನ್ನೂ ಭೇಟಿ ಮಾಡಿಸಬೇಕು ಅನ್ನುವ ಆಸೆ ಹಳೆಯದು. ಬಿಮಲ್ ರಾಯ್ ಕೂಡ ಆ ಆಸೆಗೆ ಸೋತವರೇ. ಅವರ ಚಿತ್ರದಲ್ಲಿ ಪಾರ್ವತಿಯಾದ ಸುಚಿತ್ರಾ ಸೇನ್ ಪಲ್ಲಕ್ಕಿಯಲ್ಲಿ ಹೋಗುತ್ತಿರುತ್ತಾರೆ, ಚಂದ್ರಮುಖಿಯಾದ ವೈಜಯಂತಿಮಾಲಾ ನಡೆದು ಬರುತ್ತಿರುತ್ತಾರೆ. ಇಬ್ಬರೂ ನೋಡುತ್ತಾರೆ, ಯಾರು ಅಂತ ಗೊತ್ತಿಲ್ಲ, ದಾಟಿ ಹೋಗುತ್ತಾರೆ. ಅಷ್ಟೇ. ಪುಸ್ತಕದಲ್ಲಿ ಇಲ್ಲದ ದೃಶ್ಯ ಪುಸ್ತಕದ್ದೇ ಅನ್ನಿಸುವುದು ಹೀಗೆ. ನಾನು ಅದನ್ನು ಹಿಂದೆ ಹಾಕಿ ಹಾಕಿ ಐದಾರು ಸಲ ನೋಡಿರಬೇಕು. ಅಂದಹಾಗೆ, ಚಂದ್ರಮುಖಿಯ ಪಾತ್ರಕ್ಕೆ ಬಂದ ಪೋಷಕ ನಟಿಯ ಫಿಲ್ಮ್‌ಫೇರ್ ಪ್ರಶಸ್ತಿಯನ್ನು ವೈಜಯಂತಿಮಾಲಾ ತಿರಸ್ಕರಿಸಿದರು. ತಮ್ಮದು ಪೋಷಕ ಪಾತ್ರವಲ್ಲ, ಪಾರೋಗೆ ಸರಿಸಮಾನವಾದದ್ದು ಅಂತ. ಕಾದಂಬರಿ ಓದಿದವರು ಅವರ ಪರವೇ ನಿಲ್ಲುತ್ತಾರೆ.

ಇನ್ನು ಸಾವು. ನಾನು ಜಾಸ್ತಿ ಹೊತ್ತು ಕೂತದ್ದು ಇಲ್ಲೇ.

ಬರುವಾ ಚಿತ್ರದಲ್ಲಿ ಒಂದು ಜೋಡಣೆ ಇದೆ: ಜ್ವರದ ಅಮಲಿನಲ್ಲಿ ದೇವದಾಸ್ ಕೂಗುತ್ತಾನೆ, ಎಲ್ಲೋ ದೂರದಲ್ಲಿ ಪಾರ್ವತಿ ಎಡವಿ ಬೀಳುತ್ತಾಳೆ, ಅವನು ರೈಲಿನ ಬರ್ತಿನಿಂದ ಕೆಳಕ್ಕೆ ಉರುಳುತ್ತಾನೆ. ಕಾದಂಬರಿಯಲ್ಲಿ ಇಬ್ಬರ ನಡುವೆ ಇಂಥ ತಂತಿ ಇಲ್ಲ. ಅಲ್ಲಿ ಅವನು ಜೊತೆಗಿದ್ದ ಆಳು ಧರ್ಮದಾಸ ಮಲಗಿರುವಾಗ ಸದ್ದಿಲ್ಲದೆ ಪಾಂಡುವಾ ಸ್ಟೇಷನ್ನಿನಲ್ಲಿ ಇಳಿದು, ಎತ್ತಿನ ಗಾಡಿ ಹಿಡಿದು, ಇನ್ನೂ ಎಷ್ಟು ದೂರ ಅಂತ ಕೇಳುತ್ತಾ ಹೋಗಿ, ಪಾರ್ವತಿಯ ಮನೆಯ ಮುಂದಿನ ಮರದ ಬುಡದಲ್ಲಿ ಬೀಳುತ್ತಾನೆ. ಒಳಗೆ ಮಲಗಿರುವವಳಿಗೆ ಏನೂ ಗೊತ್ತಿಲ್ಲ. ಬೆಳಿಗ್ಗೆ ಅವನು ಸಾಯುತ್ತಾನೆ, ಪೊಲೀಸರು ಬರುತ್ತಾರೆ, ಜೇಬಿನಲ್ಲಿದ್ದ ಕಾಗದಗಳಿಂದ ಗುರುತು ಸಿಗುತ್ತದೆ. ಹೆಣವನ್ನು ಮುಟ್ಟಲು ಊರಿನ ಮೇಲ್ಜಾತಿಯವರು ಯಾರೂ ಬರುವುದಿಲ್ಲ. ಚಂಡಾಲರು ಹೊತ್ತು ಒಯ್ದು ಅರೆಬರೆ ಸುಡುತ್ತಾರೆ. ಪಾರ್ವತಿಗೆ ಹೆಸರು ಗೊತ್ತಾಗುವುದು ಇಷ್ಟೆಲ್ಲ ಆದ ಮೇಲೆ! ಅವಳು ಓಡುತ್ತಾಳೆ, ಮನೆಯವರು ಹಿಡಿದು ಪ್ರಜ್ಞೆ ತಪ್ಪಿದವಳನ್ನು ಒಳಗೆ ಹೊತ್ತು ತರುತ್ತಾರೆ.

ಅಂದರೆ ಅವಳು ಓಡಿದ್ದು ಯಾರ ಕಡೆಗೂ ಅಲ್ಲ. ಅಲ್ಲಿ ಯಾರೂ ಇರಲೇ ಇಲ್ಲ.

ಪರದೆಗೆ ಇದು ಕಷ್ಟ, ನನಗೆ ಅರ್ಥವಾಗುತ್ತದೆ. ಎರಡು ಗಂಟೆ ಕಾದ ಪ್ರೇಕ್ಷಕನಿಗೆ ಇಬ್ಬರನ್ನೂ ಒಂದೇ ಚೌಕಟ್ಟಿನ ಹತ್ತಿರವಾದರೂ ತರಬೇಕು, ಆಮೇಲೆ ತಡೆಯಬೇಕು. ಅದಕ್ಕೇ ಬಾಗಿಲು. 2002ರಲ್ಲಂತೂ ಗಂಡನೇ ಬಾಗಿಲು ಮುಚ್ಚಿಸುತ್ತಾನೆ, ಸಾಯುತ್ತಿರುವ ದೇವದಾಸನಿಗೆ ಓಡಿ ಬರುವ ಅವಳು ಮಸುಕಾಗಿ ಕಾಣುತ್ತಾಳೆ. ನೋಡುವಾಗ ನಾನು ಅತ್ತಿದ್ದೇನೆ, ಸುಳ್ಳು ಹೇಳಲ್ಲ. ಅರೆಬರೆ ಸುಟ್ಟ ಹೆಣದ ಸುದ್ದಿ ಮಾತ್ರ ಅಲ್ಲಿಲ್ಲ. ಬಾಗಿಲು ಬಂದರೆ ತಪ್ಪೆಲ್ಲ ಬಾಗಿಲು ಮುಚ್ಚಿದವರದ್ದು. ಪುಸ್ತಕದಲ್ಲಿ ಹಾಗೆ ಬೆರಳು ತೋರಿಸಲು ಒಬ್ಬ ಮನುಷ್ಯ ಸಿಗುವುದಿಲ್ಲ. ಅವನು ತಡವಾಗಿ ಬಂದ, ಅಷ್ಟೇ. ಕಶ್ಯಪ್ ತನ್ನ ದೇವ್‌ನನ್ನು ಸಾಯಿಸದೆ ಚಂದಾ (ಆ ಚಿತ್ರದ ಚಂದ್ರಮುಖಿ) ಜೊತೆ ಕಳಿಸಿದ್ದು ಈ ಬಾಗಿಲಿನ ಗೋಜೇ ಬೇಡ ಅಂತಲೋ ಏನೋ.

ಹೀಗೆ ಎಲ್ಲ ಬರೆದಿಟ್ಟ ಮೇಲೆ ಕಾದಂಬರಿಯ ಕೊನೆಯ ಪುಟ ಇನ್ನೊಮ್ಮೆ ತೆಗೆದೆ. ಮರುದಿನ ಪಾರ್ವತಿಗೆ ಎಚ್ಚರ ಬರುತ್ತದೆ. ಅತ್ತು ಕರೆಯುವುದಿಲ್ಲ. ಒಬ್ಬ ಕೆಲಸದವಳನ್ನು ಕರೆದು, ಅವನು ಬಂದದ್ದು ರಾತ್ರಿಯಲ್ಲವಾ, ಇಡೀ ರಾತ್ರಿ ಅಲ್ಲೇ ಇದ್ದನಲ್ಲವಾ ಅನ್ನುವ ಅರ್ಥದಲ್ಲಿ ಕೇಳಿ ಸುಮ್ಮನಾಗುತ್ತಾಳೆ. ನನ್ನ ನೋಟ್‌ಬುಕ್ಕಿನಲ್ಲಿ ಆ ಸಾಲಿನ ಎದುರು ನಾಲ್ಕು ಸಿನಿಮಾಗಳ ಖಾನೆಗಳಿವೆ. ನಾಲ್ಕೂ ಖಾಲಿ.