ನೂರು ಚಾಲಿ ಅಡಿಕೆಯಲ್ಲಿ ಮಾಡಿದ ಇಲಿ ಪಾಠ

ಮೈತುಂಬ ದೊಡ್ಡ ಗಡ್ಡೆ ಬೆಳೆದ ಇಲಿಯ ಫೋಟೋ. ನೆರೆಮನೆಯ ಅಕ್ಕ ಮೊಬೈಲ್ ತೋರಿಸಿ ಕೇಳಿದರು, "ಮಾಷ್ಟ್ರೇ, ಕುಲಾಂತರಿ ಜೋಳ ತಿಂದು ಹೀಗಾದದ್ದಂತೆ. ಹೌದಾ?" ಕುಲಾಂತರಿ ಎಂದರೆ ಬೇರೆ ಜೀವಿಯ ವಂಶವಾಹಿ ಸೇರಿಸಿದ ಬೆಳೆ.

ಹೆದರಬೇಡಿ ಎಂದುಬಿಡಲು ಮನಸ್ಸು ಬರಲಿಲ್ಲ. ನಾವು ಕಾಸರಗೋಡಿನ ಪೆರ್ಲ ಕಡೆಯವರು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದಷ್ಟು ಕಾಲವೂ "ಏನೂ ಆಗುವುದಿಲ್ಲ" ಎಂಬ ಮಾತು ಕೇಳಿ ಮೋಸಹೋದವರು. ಉತ್ತರ ಹೇಳುವ ಮೊದಲು ಲೆಕ್ಕ ನೋಡಬೇಕಿತ್ತು. ಹಾಗಾಗಿ ಅದನ್ನು ಒಂಬತ್ತನೇ ತರಗತಿಗೇ ಒಯ್ದೆ.

ಆ ಫೋಟೋ ಫ್ರಾನ್ಸಿನ ಸೆರಾಲಿನಿ ತಂಡ 2012ರಲ್ಲಿ ಪ್ರಕಟಿಸಿದ ಪ್ರಯೋಗದ್ದು. 200 ಇಲಿ, 2 ವರ್ಷ. ಆದರೆ ಗಂಡು, ಹೆಣ್ಣು ಬೇರೆ ಬೇರೆ ಇಟ್ಟು, ಒಂದೊಂದು ಗುಂಪಿನಲ್ಲಿ 10 ಇಲಿ ಅಷ್ಟೆ. ಕುಲಾಂತರಿ ಜೋಳ ಹಾಕದ ಹೋಲಿಕೆ ಗುಂಪಿನಲ್ಲೂ 10 ಗಂಡು, 10 ಹೆಣ್ಣು. ಸ್ಪ್ರೇಗ್-ಡಾಲಿ ಎಂಬ ಈ ತಳಿಗೆ ಬರೀ ಮಾಮೂಲಿ ಆಹಾರ ಹಾಕಿದರೂ ಮುದಿಯಾಗುವಾಗ ಗಡ್ಡೆ ಬರುತ್ತದೆ. ಹೆಣ್ಣುಗಳಲ್ಲಂತೂ ಅರ್ಧಕ್ಕಿಂತ ಹೆಚ್ಚಿಗೆ.

ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳಿಗೆ ಹತ್ತುವುದಿಲ್ಲ. ಮನೆಯಿಂದ 100 ಚಾಲಿ ಅಡಿಕೆ ಒಯ್ದು 60ಕ್ಕೆ ಮಾರ್ಕರಿನಲ್ಲಿ ಚುಕ್ಕೆ ಇಟ್ಟೆ. ಚುಕ್ಕೆ ಎಂದರೆ ಗಡ್ಡೆ. ಚೀಲಕ್ಕೆ ಹಾಕಿ ಕುಲುಕಿದೆ. ಒಬ್ಬೊಬ್ಬರೇ ಬಂದು ನೋಡದೆ 10 ತೆಗೆಯುವುದು, ಎಣಿಸಿ ಬೋರ್ಡಿನಲ್ಲಿ ಬರೆಯುವುದು, ಮತ್ತೆ ಚೀಲಕ್ಕೇ ಹಾಕುವುದು. 6, 4, 8, 5, 7 ಬಂತು.

"ಚೀಲ ಒಂದೇ ಅಲ್ವಾ ಸರ್?" ಎಂದ ಹಿಂದಿನ ಬೆಂಚಿನವ.

ಹೌದು. 4 ಬಂದದ್ದು ಹೋಲಿಕೆ ಗುಂಪಿಗೆ, 8 ಬಂದದ್ದು ಜೋಳ ತಿಂದ ಗುಂಪಿಗೆ ಸಿಕ್ಕಿದ್ದರೆ? ಆಮೇಲೆ 50 ಅಡಿಕೆ ತೆಗೆಸಿದೆ. 29, 31, 30. ಕ್ಯಾನ್ಸರ್ ಪರೀಕ್ಷೆಗೆ ಗುಂಪಿಗೆ 50 ಗಂಡು, 50 ಹೆಣ್ಣು ಬೇಕೆನ್ನುವುದು ಇದಕ್ಕೇ.

ಸೆರಾಲಿನಿ ತಂಡದ ಲೇಖನ ಪ್ರಕಟಿಸಿದ್ದ ವಿಜ್ಞಾನ ಪತ್ರಿಕೆ 2013ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಮರುವರ್ಷ ಬೇರೊಂದು ಪತ್ರಿಕೆಯಲ್ಲಿ ಅದು ಮತ್ತೆ ಬಂತು. ಅದೇ ಜೋಳವನ್ನು ಯುರೋಪಿನಲ್ಲಿ ದೊಡ್ಡ ಗುಂಪುಗಳಿಗೆ 2 ವರ್ಷ ಹಾಕಿ ನೋಡಿದ ಪರೀಕ್ಷೆಯಲ್ಲಿ ಹಾನಿ ಕಾಣಲಿಲ್ಲ. ಆದರೂ ಒಂದು ಮಾತು: ಕುಲಾಂತರಿ ಬೆಳೆಯ ಅನುಮತಿಗಾಗಿ ಇಲಿಗಳ ಮೇಲೆ ಮಾಡುವ ಪರೀಕ್ಷೆ ಹೆಚ್ಚಾಗಿ 90 ದಿನದ್ದು. ಅದು ಸಾಲದು ಎಂದು ಕೇಳಿದ್ದರಲ್ಲಿ ತಪ್ಪಿಲ್ಲ ಎಂದೇ ನನ್ನ ಅಭಿಪ್ರಾಯ.

ಬೆಲ್ ಆದ ಮೇಲೆ, ಎಂಡೋಸಲ್ಫಾನ್ ಬಿದ್ದ ಪದ್ರೆ ಕಡೆಯ ಹುಡುಗಿ ಅಲ್ಲೇ ನಿಂತಿದ್ದಳು. "ಸರ್, ನಮ್ಮೂರಿನದ್ದಕ್ಕೆ ಹೋಲಿಕೆ ಗುಂಪು ಇತ್ತಾ?"

ಇತ್ತು. ಅಹಮದಾಬಾದಿನ ವಿಜ್ಞಾನಿಗಳು ಇಲ್ಲಿಯ 117 ಹುಡುಗರನ್ನು, ಸಿಂಪಡಣೆಯಿಲ್ಲದ ಊರಿನ 90 ಹುಡುಗರ ಜತೆ ಹೋಲಿಸಿದ್ದರು. ಪ್ರಾಯಕ್ಕೆ ಬರುವುದು ಇಲ್ಲಿಯವರಲ್ಲೇ ತಡವಾಗಿತ್ತು. 2003ರಲ್ಲಿ ಅದು ಪ್ರಕಟವಾಯಿತು.