ಎಚ್‌ಪಿವಿ ಲಸಿಕೆ ತಪ್ಪಿಹೋದ ಮಕ್ಕಳಿಗೆ ಅದನ್ನು ತಲುಪಿಸುವುದು ಹೇಗೆ?

ಗರ್ಭಕಂಠದ ಕ್ಯಾನ್ಸರ್‌ಗೆ ಹೆಚ್ಚೂಕಡಿಮೆ ಪ್ರತಿಸಲವೂ ಎಚ್‌ಪಿವಿ ಎಂಬ, ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ಸೇ ಕಾರಣ. ತಡೆಯುವ ಲಸಿಕೆ 2006ರಿಂದಲೇ ಇದೆ. ಆದರೂ 2022ರಲ್ಲಿ ಸುಮಾರು 3.5 ಲಕ್ಷ ಹೆಂಗಸರು ಈ ಕಾಯಿಲೆಯಿಂದ ಸತ್ತರು. ಅವರಲ್ಲಿ ನೂರಕ್ಕೆ 94 ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಇದು ನ್ಯಾಯವಲ್ಲ.

ನೀವು ಶಿಕ್ಷಕರೋ, ಆರೋಗ್ಯ ಕಾರ್ಯಕರ್ತರೋ, ಅಕ್ಕಪಕ್ಕದ ಮಕ್ಕಳ ಬಗ್ಗೆ ಕಾಳಜಿ ಇರುವವರೋ ಆಗಿದ್ದರೆ, ಮೊದಲು 9ರಿಂದ 14 ವರ್ಷದ ಹೆಣ್ಣುಮಕ್ಕಳ ಪಟ್ಟಿ ಮಾಡಿ. ಹಾಜರಿ ಪುಸ್ತಕ ಒಂದನ್ನೇ ನಂಬಬೇಡಿ. ಶಾಲೆ ಬಿಟ್ಟವರು, ಕೆಲಸ ಹುಡುಕಿ ಊರೂರು ಅಲೆಯುವ ಮನೆಯವರ ಮಕ್ಕಳು, ಅಂಗವಿಕಲ ಮಕ್ಕಳು ಎಷ್ಟೋ ಸಲ ಅದರಲ್ಲಿ ಇರುವುದೇ ಇಲ್ಲ, ಲಸಿಕೆ ಜಾಸ್ತಿ ತಪ್ಪುವುದೂ ಇವರಿಗೇ. ಆಫ್ರಿಕಾದ ಬಡ ದೇಶ ರುವಾಂಡಾ 2011ರಲ್ಲಿ ಶಾಲೆಯಲ್ಲೇ ಲಸಿಕೆ ಹಾಕಿತು, ಶಾಲೆಗೆ ಬಾರದ ಹುಡುಗಿಯರನ್ನು ಆರೋಗ್ಯ ಕಾರ್ಯಕರ್ತರು ಊರಲ್ಲೇ ಹುಡುಕಿದರು, ನೂರಕ್ಕೆ 90ಕ್ಕಿಂತ ಹೆಚ್ಚು ಹುಡುಗಿಯರಿಗೆ ಲಸಿಕೆ ಸಿಕ್ಕಿತು.

ದುಡ್ಡಿದ್ದರೆ ಸಾಕು ಅಂದುಕೊಳ್ಳಬೇಡಿ. ಶ್ರೀಮಂತ ಜಪಾನಿನಲ್ಲಿ ಅಡ್ಡಪರಿಣಾಮದ ಸುದ್ದಿ ಹಬ್ಬಿ, 2013ರಲ್ಲಿ ಸರ್ಕಾರ ಶಿಫಾರಸು ನಿಲ್ಲಿಸಿದ ಮೇಲೆ, ನೂರಕ್ಕೆ 70ರಷ್ಟಿದ್ದ ಲಸಿಕೆ ಪ್ರಮಾಣ 1ಕ್ಕಿಂತ ಕೆಳಗೆ ಬಿತ್ತು. ಶಿಫಾರಸು ಮತ್ತೆ ಶುರುವಾಗಲು 2022 ಬರಬೇಕಾಯಿತು. ಹಾಗಾಗಿ ಲಸಿಕೆ ದಿನಕ್ಕಿಂತ ಮುಂಚೆಯೇ ಅಪ್ಪ ಅಮ್ಮನ ಜೊತೆ ಕೂತು ಮಾತಾಡಿ. ಅವರು ಹೆದರಿದರೆ ಗದರಬೇಡಿ, ಮಗಳ ಮೇಲಿನ ಪ್ರೀತಿಯಿಂದಲೇ ಕೇಳುತ್ತಿದ್ದಾರೆ ಅಲ್ವಾ? "ಇಷ್ಟು ಚಿಕ್ಕ ಹುಡುಗಿಗೆ ಯಾಕೆ?" ಅಂದರೆ, ವೈರಸ್ ತಗಲುವ ಮುಂಚೆ ಹಾಕಿದರೇ ಲಸಿಕೆ ಚೆನ್ನಾಗಿ ಕೆಲಸ ಮಾಡುವುದು ಅಂತ ಹೇಳಿ. ತೋಳು ನೋಯಬಹುದು, ಸಣ್ಣ ಜ್ವರ ಬರಬಹುದು, ಕೆಲವರಿಗೆ ತಲೆ ಸುತ್ತಬಹುದು. ಇದನ್ನೂ ಮುಚ್ಚಿಡದೆ ಹೇಳಿ. ಸೂಜಿ ಹಾಕಿದ ಮೇಲೆ 15 ನಿಮಿಷ ಕೂರಿಸಿ.

ಡೋಸ್ ಎಷ್ಟು? 20 ವರ್ಷದವರೆಗೆ ಒಂದೇ ಡೋಸ್ ಕೊಡುವುದಕ್ಕೂ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಪ್ಪಿದೆ. ದೂರದಿಂದ ಬರುವವರಿಗೆ ಇದು ದೊಡ್ಡ ಅನುಕೂಲ. ಎಚ್‌ಐವಿ ಇರುವವರಿಗೆ ಮಾತ್ರ ಒಂದು ಸಾಲದು, ಕನಿಷ್ಠ ಎರಡು, ಸಾಧ್ಯವಾದರೆ ಮೂರು ಬೇಕು.

ಹುಡುಗರಿಗೂ ಈ ವೈರಸ್ಸಿನಿಂದ ಗಂಟಲು, ಗುದದ್ವಾರದ ಕ್ಯಾನ್ಸರ್ ಮುಂದೆ ಬರಬಹುದು, ಸಿಗುವ ಕಡೆ ಅವರಿಗೂ ಹಾಕಿಸಿ.

ಮಗಳ ಜೊತೆ ಬಂದ ತಾಯಿಯನ್ನು ಹಾಗೇ ಕಳಿಸಬೇಡಿ. ಅವರು 30 ದಾಟಿದ್ದರೆ ಗರ್ಭಕಂಠದ ತಪಾಸಣೆ ಎಲ್ಲಿ, ಯಾವತ್ತು ಅಂತ ಆಗಲೇ ಬರೆದುಕೊಡಿ.